ಪ್ರೋಟೀನ್ ಲೋಕಕ್ಕೆ ಅಳತೆಗೋಲು ಕೊಟ್ಟ ಜಿ.ಎನ್. ರಾಮಚಂದ್ರನ್

ವಿಶ್ವವಿದ್ಯಾಲಯವೊಂದರ ಪ್ರೋಟೀನ್ ಸಂಶೋಧನಾಲಯಕ್ಕೆ ಕಾಲಿಟ್ಟವರಿಗೆ ಮೊದಲು ಕಾಣುವುದು ಯಂತ್ರಗಳು. ಜೀವಕೋಶದ ರಸದಿಂದ ಬೇಕಾದ ಪ್ರೋಟೀನನ್ನಷ್ಟೇ ಬೇರ್ಪಡಿಸುವ ಕೊಳವೆಗಳು, ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್, ಹರಳಿನ ಮೂಲಕ ಕ್ಷ-ಕಿರಣ ಹಾಯಿಸುವ ಉಪಕರಣ, ಬಲಿಷ್ಠ ಅಯಸ್ಕಾಂತವನ್ನು ಒಳಗೊಂಡ ಎನ್‌ಎಂಆರ್, ಅತಿಶೀತದಲ್ಲಿ ಕೆಲಸ ಮಾಡುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಹೀಗೆ ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಹಲವಕ್ಕೆ ಕೋಟಿಗಟ್ಟಲೆ ರೂಪಾಯಿ ಬೆಲೆ. ಅವುಗಳನ್ನು ನಡೆಸಲು ತರಬೇತಿ ಪಡೆದ ಸಿಬ್ಬಂದಿ ಬೇಕು, ಎಡೆಬಿಡದ ವಿದ್ಯುತ್ ಬೇಕು, ವರ್ಷವರ್ಷವೂ ನಿರ್ವಹಣೆಯ ಹಣ ಬೇಕು.

ಆದರೆ ಜಗತ್ತಿನ ಇಂತಹ ಎಲ್ಲ ಪ್ರಯೋಗಾಲಯಗಳಲ್ಲಿಯೂ ಬಳಕೆಯಲ್ಲಿರುವ ಒಂದು ಸಾಧನ ಯಾವ ಖರೀದಿ ಪಟ್ಟಿಯಲ್ಲಿಯೂ ಸೇರಿಲ್ಲ. ಅದಕ್ಕೆ ಬೆಲೆಯಿಲ್ಲ, ವಿದ್ಯುತ್ ಬೇಡ, ದುರಸ್ತಿ ಬೇಡ. ಅದು ಒಂದು ಚೌಕಾಕಾರದ ನಕ್ಷೆ. ಪ್ರೋಟೀನ್ ಅಣುವಿನ ರಚನೆಯನ್ನು ಕಂಡುಹಿಡಿದೆವು ಎಂದು ಯಾರೇ ಹೇಳಿಕೊಳ್ಳಲಿ, ಆ ರಚನೆ ಸಾಧುವೋ ಅಲ್ಲವೋ ಎಂಬುದನ್ನು ಮೊದಲು ಈ ನಕ್ಷೆಯ ಮೇಲಿಟ್ಟು ನೋಡಲಾಗುತ್ತದೆ. ಅದರ ಹೆಸರು ರಾಮಚಂದ್ರನ್ ನಕ್ಷೆ. ಅದನ್ನು ರೂಪಿಸಿದ ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ವಿಜ್ಞಾನದ ಪಾಠ ಕಲಿತದ್ದು ಬೆಂಗಳೂರಿನಲ್ಲಿ. ವೃತ್ತಿಜೀವನದ ಕೊನೆಯ ಘಟ್ಟದಲ್ಲಿ ದೇಶದ ಪ್ರಮುಖ ಪ್ರೋಟೀನ್ ಸಂಶೋಧನಾ ವಿಭಾಗವೊಂದನ್ನು ಕಟ್ಟಿದ್ದೂ ಬೆಂಗಳೂರಿನಲ್ಲಿಯೇ.

ಎರ್ನಾಕುಲಂನಿಂದ ಬೆಂಗಳೂರಿಗೆ

ರಾಮಚಂದ್ರನ್ ಜನಿಸಿದ್ದು 1922ರ ಅಕ್ಟೋಬರ್ 8ರಂದು, ಅಂದಿನ ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ. ತಂದೆ ಜಿ.ಆರ್. ನಾರಾಯಣ ಅಯ್ಯರ್ ಗಣಿತದ ಪ್ರಾಧ್ಯಾಪಕರು, ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರೂ ಆಗಿದ್ದವರು. ತಾಯಿ ಲಕ್ಷ್ಮಿ ಅಮ್ಮಾಳ್. ಗಣಿತದ ಅಭಿರುಚಿ ಮನೆಯಿಂದಲೇ ಬಂದಿತ್ತು. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಪದವಿ ಮುಗಿಸಿದ ಅವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನಿಸಿಕೊಂಡಿರುವ ಆ ಸಂಸ್ಥೆಗೆ ಬಂದರು.

ಬಂದದ್ದು ಭೌತಶಾಸ್ತ್ರಕ್ಕಲ್ಲ, ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿ ಆಗ ಸರ್ ಸಿ.ವಿ. ರಾಮನ್ ಇದ್ದರು. ಯುವಕನ ಪ್ರತಿಭೆಯನ್ನು ಗುರುತಿಸಿದ ರಾಮನ್ ಅವರನ್ನು ತಮ್ಮ ವಿಭಾಗಕ್ಕೆ ಸೇರಿಸಿಕೊಂಡರು. ಬೆಳಕು ಮತ್ತು ಹರಳುಗಳು ರಾಮನ್ ಅವರ ಪ್ರೀತಿಯ ವಿಷಯಗಳು. ಶಿಷ್ಯನೂ ಅದೇ ಹಾದಿ ಹಿಡಿದರು. ವಜ್ರದ ಒಳಗಿನ ದೋಷಗಳನ್ನು ಕ್ಷ-ಕಿರಣದ ಚಿತ್ರಗಳ ಮೂಲಕ ಕಾಣಿಸುವ ವಿಧಾನದ ಬಗ್ಗೆ ರಾಮಚಂದ್ರನ್ ಆ ದಿನಗಳಲ್ಲಿ ನಡೆಸಿದ ಕೆಲಸ ಆ ಕ್ಷೇತ್ರದ ಆರಂಭಿಕ ಪ್ರಯತ್ನಗಳಲ್ಲಿ ಒಂದೆಂದು ಪರಿಗಣಿತವಾಗಿದೆ. 1947ರಲ್ಲಿ ಡಿ.ಎಸ್ಸಿ. ಪದವಿ ಪಡೆದರು. ಅದಕ್ಕೆ ಎರಡು ವರ್ಷ ಮೊದಲು, 1945ರಲ್ಲಿ, ರಾಜಲಕ್ಷ್ಮಿ ಅವರೊಂದಿಗೆ ವಿವಾಹವಾಗಿತ್ತು.

ಮುಂದಿನ ಎರಡು ವರ್ಷ ಅವರು ಇದ್ದದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ಕ್ಷ-ಕಿರಣದಿಂದ ಹರಳಿನ ರಚನೆ ತಿಳಿಯುವ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಸರ್ ಲಾರೆನ್ಸ್ ಬ್ರ್ಯಾಗ್ ಆಗ ಅಲ್ಲಿನ ಕ್ಯಾವೆಂಡಿಶ್ ಪ್ರಯೋಗಾಲಯದ ಮುಖ್ಯಸ್ಥರು. ಡಬ್ಲ್ಯು.ಎ. ವೂಸ್ಟರ್ ಅವರ ಮಾರ್ಗದರ್ಶನದಲ್ಲಿ ರಾಮಚಂದ್ರನ್ ಪಿಎಚ್.ಡಿ. ಮುಗಿಸಿದರು. ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ಅವರ ವಿಚಾರಗಳ ಪ್ರಭಾವ ಅವರ ಮೇಲೆ ಆದದ್ದೂ ಈ ಅವಧಿಯಲ್ಲಿಯೇ. 1949ರಲ್ಲಿ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಸಹಾಯಕ ಪ್ರಾಧ್ಯಾಪಕರಾದರು.

ಮೂವತ್ತು ತುಂಬುವ ಮುನ್ನ ಮುಖ್ಯಸ್ಥ

1952ರಲ್ಲಿ ಮದ್ರಾಸು ವಿಶ್ವವಿದ್ಯಾಲಯ ಹೊಸದಾಗಿ ಭೌತಶಾಸ್ತ್ರ ವಿಭಾಗ ತೆರೆಯಲು ನಿರ್ಧರಿಸಿತು. ಕುಲಪತಿ ಸ್ಥಾನದ ಹೊಣೆ ಹೊತ್ತಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರು ಮೊದಲು ಸಂಪರ್ಕಿಸಿದ್ದು ರಾಮನ್ ಅವರನ್ನು. ರಾಮನ್ ಸೂಚಿಸಿದ್ದು ತಮ್ಮ ಶಿಷ್ಯನ ಹೆಸರನ್ನು. ಮೂವತ್ತು ವರ್ಷವೂ ತುಂಬದ ರಾಮಚಂದ್ರನ್ ಹೀಗೆ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು.

ವಿಭಾಗ ಹೊಸದು, ಹಣ ಮಿತವಾದುದು. ಎಲ್ಲ ಬಗೆಯ ಉಪಕರಣಗಳನ್ನು ತರಿಸುವ ಮಾತಿರಲಿಲ್ಲ. ರಾಮಚಂದ್ರನ್ ತಮಗೆ ಚೆನ್ನಾಗಿ ತಿಳಿದಿದ್ದ ಒಂದೇ ದಾರಿಯನ್ನು ಆರಿಸಿಕೊಂಡು ಗಿಂಡಿಯ ಆವರಣದಲ್ಲಿ ಕ್ಷ-ಕಿರಣ ಪ್ರಯೋಗಾಲಯವನ್ನು ಕಟ್ಟಿದರು.

ಅಂದಿನ ಕ್ಷ-ಕಿರಣ ಪ್ರಯೋಗಾಲಯ ಹೇಗಿರುತ್ತಿತ್ತು ಎಂಬುದನ್ನು ಇಂದಿನ ಓದುಗರು ಊಹಿಸಿಕೊಳ್ಳುವುದು ಕಷ್ಟ. ಅಧಿಕ ವೋಲ್ಟೇಜಿನ ನಳಿಕೆಯಿಂದ ಹೊರಟ ಕಿರಣಗಳು ಚಿಕ್ಕ ರಂಧ್ರದ ಮೂಲಕ ಹಾದು ಮಾದರಿಯ ಮೇಲೆ ಬೀಳುತ್ತವೆ. ಮಾದರಿಯ ಪರಮಾಣುಗಳು ಅವುಗಳನ್ನು ಚದುರಿಸುತ್ತವೆ. ಚದುರಿದ ಕಿರಣಗಳು ಹಿಂದಿರುವ ಫಿಲ್ಮಿನ ಮೇಲೆ ಚುಕ್ಕೆಗಳಾಗಿಯೋ ಕಮಾನುಗಳಾಗಿಯೋ ಮೂಡುತ್ತವೆ. ಒಂದು ಚಿತ್ರಕ್ಕೆ ಹಲವು ಗಂಟೆ ಕಾಯಬೇಕು. ಬಳಿಕ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು, ಚುಕ್ಕೆಗಳ ಕಪ್ಪನ್ನು ಕಣ್ಣಿನಿಂದಲೇ ಹೋಲಿಸಿ ಅಂದಾಜಿಸಿ, ಅಂಕಿಗಳನ್ನು ಕಾಗದದ ಮೇಲೆ ಬರೆದು, ಮೇಜಿನ ಮೇಲಿನ ಕ್ಯಾಲ್ಕುಲೇಟರಿನಲ್ಲಿ ದಿನಗಟ್ಟಲೆ ಲೆಕ್ಕ ಹಾಕಬೇಕು. ಕಂಪ್ಯೂಟರ್ ಇನ್ನೂ ದೂರದ ಮಾತು.

ಕಾಂಗರೂ ಬಾಲದ ಎಳೆ

ಮದ್ರಾಸಿಗೆ ಬಂದ ಹೊಸದರಲ್ಲಿಯೇ ಬ್ರಿಟಿಷ್ ವಿಜ್ಞಾನಿ ಜೆ.ಡಿ. ಬರ್ನಲ್ ಆ ಪ್ರಯೋಗಾಲಯಕ್ಕೆ ಭೇಟಿ ಕೊಟ್ಟರು. ಯಾವ ಸಮಸ್ಯೆಯನ್ನು ಕೈಗೆತ್ತಿಕೊಳ್ಳುವುದೆಂಬ ಮಾತು ಬಂದಾಗ ಅವರು ಬೆರಳು ಮಾಡಿದ್ದು ಕೊಲ್ಯಾಜೆನ್ ಎಂಬ ಪ್ರೋಟೀನಿನ ಕಡೆಗೆ. ಚರ್ಮ, ಮೂಳೆ, ಸ್ನಾಯುವನ್ನು ಎಲುಬಿಗೆ ಬಿಗಿಯುವ ರಜ್ಜು ಎಲ್ಲದರಲ್ಲಿಯೂ ಇರುವ ಈ ಪ್ರೋಟೀನ್ ಪ್ರಾಣಿದೇಹದಲ್ಲಿ ಅತಿ ಹೆಚ್ಚಿನ ಪ್ರಮಾಣದಲ್ಲಿ ದೊರೆಯುವಂಥದು. ಆದರೂ ಅದರ ರಚನೆ ಹೇಗಿದೆ ಎಂಬುದಕ್ಕೆ ಒಪ್ಪುವ ಉತ್ತರ ಯಾರಲ್ಲಿಯೂ ಇರಲಿಲ್ಲ.

ಮಾದರಿಗಾಗಿ ರಾಮಚಂದ್ರನ್ ದೂರ ಹೋಗಬೇಕಾಗಲಿಲ್ಲ. 1948ರಲ್ಲಿ ಆರಂಭವಾಗಿದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಹತ್ತಿರದಲ್ಲಿಯೇ ಇತ್ತು. ಚರ್ಮ ಹದ ಮಾಡುವ ವಿದ್ಯೆಯೆಂದರೆ ಮೂಲತಃ ಕೊಲ್ಯಾಜೆನನ್ನು ಕೊಳೆಯದಂತೆ ಕಾಪಾಡುವ ವಿದ್ಯೆ. ಆ ಸಂಸ್ಥೆಯಿಂದ ದೊರೆತ ಕಾಂಗರೂ ಬಾಲದ ರಜ್ಜುವಿನ ಎಳೆಗಳು ಒಳ್ಳೆಯ ಚಿತ್ರಗಳನ್ನು ನೀಡಿದವು. ಸಹೋದ್ಯೋಗಿ ಗೋಪೀನಾಥ ಕರ್ತಾ ಅವರೊಂದಿಗೆ ರಾಮಚಂದ್ರನ್ ಆ ಚಿತ್ರಗಳ ಅರ್ಥ ಬಿಡಿಸಲು ಕುಳಿತರು.

ಅವರಿಗೆ ನೆರವಾದದ್ದು ರಸಾಯನಶಾಸ್ತ್ರದ ಒಂದು ಅಂಕಿ. ಕೊಲ್ಯಾಜೆನಿನಲ್ಲಿರುವ ಅಮೈನೊ ಆಮ್ಲಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗ್ಲೈಸಿನ್. ಇದು ಅಮೈನೊ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಬರುವುದಾದರೆ ಅಲ್ಲಿ ದೊಡ್ಡ ಅಮೈನೊ ಆಮ್ಲಕ್ಕೆ ಜಾಗವೇ ಇಲ್ಲವೆಂದು ಅರ್ಥ. ಹಾಗಾದರೆ ಮೂರು ಎಳೆಗಳು ಒಂದನ್ನೊಂದು ಒತ್ತಿಕೊಂಡು ನಿಂತಿರಬೇಕು, ಗ್ಲೈಸಿನ್ ಒಳಮೈಗೆ ಬರಬೇಕು. ನಮ್ಮ ರೈತರು ನಾರಿನ ಮೂರು ಎಳೆ ಸೇರಿಸಿ ಹಗ್ಗ ಹೊಸೆಯುವ ಬಗೆಯನ್ನು ನೆನೆದರೆ ಈ ರಚನೆಯ ಸ್ಥೂಲ ಚಿತ್ರ ಸಿಗುತ್ತದೆ. ಈ ಮೂರೆಳೆಯ ಮಾದರಿ 1954ರ ಆಗಸ್ಟ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಮೊದಲ ಮಾದರಿಯಲ್ಲಿ ಮೂರೂ ಎಳೆಗಳು ಅಕ್ಕಪಕ್ಕ ನೇರವಾಗಿ ನಿಂತಿದ್ದವು. ಚಿತ್ರಗಳ ಅಳತೆಗೆ ಅದು ಪೂರ್ತಿ ಹೊಂದುತ್ತಿರಲಿಲ್ಲ. ಸುರುಳಿಯ ಒಂದು ಸುತ್ತಿಗೆ ಮೂರು ಅಮೈನೊ ಆಮ್ಲಗಳಲ್ಲ, ಮೂರಕ್ಕಿಂತ ಸ್ವಲ್ಪ ಹೆಚ್ಚು ಬರುತ್ತಿತ್ತು. ಆದರೂ ಗ್ಲೈಸಿನ್ ಸದಾ ಒಳಮುಖವಾಗಿಯೇ ಇರಬೇಕು. ಚಂದ್ರ ಭೂಮಿಯನ್ನು ಸುತ್ತುತ್ತಲೇ ಅದಕ್ಕೆ ಒಂದೇ ಮುಖ ತೋರುತ್ತಾನಲ್ಲವೇ? ಹಾಗೆಯೇ ಪ್ರತಿ ಎಳೆಯೂ ತನ್ನಷ್ಟಕ್ಕೆ ಸುತ್ತಿಕೊಳ್ಳುತ್ತ, ಮೂರೂ ಸೇರಿ ಮತ್ತೊಮ್ಮೆ ಹೊಸೆದುಕೊಂಡರೆ ಲೆಕ್ಕ ಸರಿಹೋಗುತ್ತದೆ. 1955ರ ಸೆಪ್ಟೆಂಬರ್‌ನಲ್ಲಿ ಈ ತಿದ್ದಿದ ಮಾದರಿ ಅದೇ ಪತ್ರಿಕೆಯಲ್ಲಿ ಹೊರಬಂದಿತು.

ಆಕ್ಷೇಪವೇ ದಾರಿಯಾಯಿತು

ಅದೇ ವರ್ಷ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಕೊಲ್ಯಾಜೆನಿನ ಬಗ್ಗೆ ತಮ್ಮ ಮಾದರಿಯನ್ನು ಮುಂದಿಟ್ಟರು. ಕ್ರಿಕ್ ಎರಡು ವರ್ಷಗಳ ಹಿಂದಷ್ಟೇ ಡಿಎನ್‌ಎ ರಚನೆಯನ್ನು ಪ್ರಕಟಿಸಿ ಪ್ರಸಿದ್ಧರಾಗಿದ್ದವರು. ಮೂರು ಎಳೆಗಳ ಹೊಸೆತವನ್ನು ಅವರೂ ಒಪ್ಪಿದ್ದರು. ಅವರ ತಕರಾರು ಬೇರೆಯಿತ್ತು. ಮದ್ರಾಸಿನ ಮಾದರಿಯಲ್ಲಿ ಪ್ರತಿ ಮೂರು ಅಮೈನೊ ಆಮ್ಲಗಳಿಗೆ ಎರಡು ಹೈಡ್ರೋಜನ್ ಬಂಧಗಳಿದ್ದವು. ಅಷ್ಟನ್ನು ಹೊಂದಿಸಲು ಕೆಲವು ಪರಮಾಣುಗಳನ್ನು ಇರಬಾರದಷ್ಟು ಹತ್ತಿರಕ್ಕೆ ತರಲಾಗಿದೆ, ಒಂದೇ ಬಂಧ ಸಾಧ್ಯ ಎಂಬುದು ಅವರ ವಾದ.

ಕೇಂಬ್ರಿಡ್ಜ್‌ನಿಂದ ಬಂದ ಆಕ್ಷೇಪಕ್ಕೆ ಹೊಸ ವಿಭಾಗವೊಂದರ ಯುವ ಪ್ರಾಧ್ಯಾಪಕರು ಹೇಗೆ ಉತ್ತರಿಸಬೇಕು? ಪತ್ರಿಕೆಗಳಲ್ಲಿ ವಾದ ಬೆಳೆಸಬಹುದಿತ್ತು, ಇಲ್ಲವೇ ಸುಮ್ಮನಿರಬಹುದಿತ್ತು. ಅಂದಿನ ದಿನಗಳಲ್ಲಿ ಪಶ್ಚಿಮದ ಹೆಸರಾಂತ ಪ್ರಯೋಗಾಲಯದ ಮಾತಿಗೆ ಇದ್ದ ತೂಕ ಮದ್ರಾಸಿನ ಮಾತಿಗೆ ಸುಲಭವಾಗಿ ಸಿಗುವಂತಿರಲಿಲ್ಲ. ರಾಮಚಂದ್ರನ್ ಆಕ್ಷೇಪದ ಬುಡಕ್ಕೇ ಹೋದರು. ಎರಡು ಪರಮಾಣುಗಳು ಎಷ್ಟು ಹತ್ತಿರ ಬಂದರೆ ಅದು ತಪ್ಪು? ಹತ್ತಿರ ಎಂಬುದನ್ನು ಅಳೆಯುವ ಗೋಲು ಯಾವುದು? ಸರ್ವಸಮ್ಮತವಾದ ಅಂತಹ ಗೋಲು ಯಾರ ಬಳಿಯೂ ಇರಲಿಲ್ಲ. ಅದನ್ನು ಸಿದ್ಧಪಡಿಸುವುದೇ ಮುಂದಿನ ಕೆಲಸವಾಯಿತು.

ಅಷ್ಟು ಹೊತ್ತಿಗೆ ಹಲವು ಅಮೈನೊ ಆಮ್ಲಗಳ ಹಾಗೂ ಚಿಕ್ಕ ಪೆಪ್ಟೈಡ್‌ಗಳ ಹರಳಿನ ರಚನೆಗಳು ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಿಂದ ಪ್ರಕಟವಾಗಿದ್ದವು. ರಾಮಚಂದ್ರನ್ ಅವರ ತಂಡ ಅವುಗಳನ್ನೆಲ್ಲ ಒಟ್ಟುಗೂಡಿಸಿ, ಬಂಧವಿಲ್ಲದ ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರದವರೆಗೆ ಬಂದಿವೆ ಎಂಬುದನ್ನು ಪಟ್ಟಿ ಮಾಡಿತು. ಇಂಗಾಲ-ಇಂಗಾಲ, ಇಂಗಾಲ-ಆಮ್ಲಜನಕ ಹೀಗೆ ಪ್ರತಿ ಜೋಡಿಗೂ ಸಾಮಾನ್ಯವಾಗಿ ಒಪ್ಪಬಹುದಾದ ಒಂದು ಮಿತಿ ಮತ್ತು ಅದಕ್ಕಿಂತ ಕೆಳಗಿಳಿಯಬಾರದ ಇನ್ನೊಂದು ಮಿತಿಯನ್ನು ಗೊತ್ತುಮಾಡಲಾಯಿತು. ಹೊಸ ಯಂತ್ರವಿಲ್ಲದೆ, ಆಗಲೇ ಲಭ್ಯವಿದ್ದ ಮಾಹಿತಿಯಿಂದಲೇ ಸಿದ್ಧವಾದ ಅಳತೆಗೋಲು ಇದು.

ನಕ್ಷೆ ಮೂಡಿದ ಬಗೆ

ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸರಪಳಿ. ಎರಡು ಅಮೈನೊ ಆಮ್ಲಗಳನ್ನು ಬೆಸೆಯುವ ಪೆಪ್ಟೈಡ್ ಬಂಧದ ಸುತ್ತಲಿನ ಭಾಗ ಮರದ ಹಲಗೆಯಂತೆ ಚಪ್ಪಟೆ, ಅದನ್ನು ತಿರುಚಲು ಬಾರದು. ಪಾಲಿಂಗ್ ಮತ್ತು ಸಂಗಡಿಗರು 1951ರಲ್ಲಿ ಪ್ರೋಟೀನಿನ ಆಲ್ಫಾ ಸುರುಳಿಯನ್ನು ಊಹಿಸಿದ್ದು ಈ ಗುಣವನ್ನು ಆಧರಿಸಿಯೇ. ಆದರೆ ಒಂದು ಹಲಗೆ ಇನ್ನೊಂದನ್ನು ಸೇರುವ ಕಡೆ ಒಂದು ಇಂಗಾಲದ ಪರಮಾಣು ಕೀಲಿನಂತೆ ಕೆಲಸ ಮಾಡುತ್ತದೆ. ಅದರ ಎರಡೂ ಬದಿಯ ಬಂಧಗಳ ಸುತ್ತ ಹಲಗೆಗಳು ತಿರುಗಬಲ್ಲವು. ಈ ಎರಡು ತಿರುವಿನ ಕೋನಗಳಿಗೆ ಫೈ ಮತ್ತು ಸೈ ಎಂಬ ಗ್ರೀಕ್ ಅಕ್ಷರಗಳ ಹೆಸರು. ಸರಪಳಿಯ ಪ್ರತಿ ಕೀಲಿನ ಈ ಎರಡು ಕೋನಗಳು ಗೊತ್ತಾದರೆ ಸರಪಳಿ ಹೇಗೆ ಮಡಚಿಕೊಂಡಿದೆ ಎಂಬುದೂ ಗೊತ್ತಾಗುತ್ತದೆ.

ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ ರಾಮಚಂದ್ರನ್ ಕೇಳಿಕೊಂಡ ಪ್ರಶ್ನೆ ಸರಳ. ಈ ಎರಡು ಕೋನಗಳು ಯಾವ ಯಾವ ಬೆಲೆಗಳನ್ನು ತಾಳಬಲ್ಲವು? ಒಂದು ಕೋನವನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಗುರುತಿಸಿ ಚೌಕ ಬರೆದರು. ಪ್ರತಿ ಬಿಂದುವಿನಲ್ಲಿಯೂ ಹಲಗೆಗಳನ್ನು ಲೆಕ್ಕದಲ್ಲಿಯೇ ತಿರುಗಿಸಿ, ಯಾವ ಪರಮಾಣುಗಳು ಎಷ್ಟು ಹತ್ತಿರ ಬಂದವೆಂದು ನೋಡಿದರು. ಮಿತಿ ದಾಟಿ ಒಂದಕ್ಕೊಂದು ತಾಕಿದರೆ ಆ ಬಿಂದು ನಿಷಿದ್ಧ, ತಾಕದಿದ್ದರೆ ಸಮ್ಮತ. ಲೆಕ್ಕವೆಲ್ಲ ಮೇಜಿನ ಕ್ಯಾಲ್ಕುಲೇಟರಿನಲ್ಲಿ, ಕೈಯಿಂದಲೇ.

ಫಲಿತಾಂಶ ಅಚ್ಚರಿಯದು. ಚೌಕದ ಬಹುಪಾಲು ನಿಷಿದ್ಧ ಪ್ರದೇಶ. ಗ್ಲೈಸಿನ್ ಬಿಟ್ಟರೆ ಉಳಿದ ಅಮೈನೊ ಆಮ್ಲಗಳಿಗೆ ಸಡಿಲ ಮಿತಿಯಲ್ಲಿಯೂ ಸಿಕ್ಕಿದ್ದು ಕಾಲುಭಾಗಕ್ಕಿಂತ ಕಡಿಮೆ ಜಾಗ. ಎಣಿಕೆಗೆ ಸಿಗದಷ್ಟು ಬಗೆಗಳಲ್ಲಿ ಮಡಚಿಕೊಳ್ಳಬಹುದೆಂದು ತೋರುತ್ತಿದ್ದ ಸರಪಳಿಗೆ ನಿಜದಲ್ಲಿ ಕೆಲವೇ ದಾರಿಗಳಿದ್ದವು. ಆಲ್ಫಾ ಸುರುಳಿ, ಕೊಲ್ಯಾಜೆನಿನ ಎಳೆ ಮುಂತಾದ ಗೊತ್ತಿದ್ದ ರಚನೆಗಳೆಲ್ಲ ಆ ಸಮ್ಮತ ದ್ವೀಪಗಳ ಮೇಲೆಯೇ ಬಂದು ನಿಂತವು. 1963ರಲ್ಲಿ 'ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ'ಯಲ್ಲಿ ಪ್ರಕಟವಾದ ಐದು ಪುಟಗಳ ಲೇಖನ ಈ ನಕ್ಷೆಯನ್ನು ಜಗತ್ತಿನ ಮುಂದಿಟ್ಟಿತು.

ಕೊಲ್ಯಾಜೆನಿನ ವಿವಾದ ಏನಾಯಿತು ಎಂಬುದನ್ನೂ ಇಲ್ಲಿ ಹೇಳಬೇಕು. ಮೂರು ಎಳೆಗಳ ಹೊಸೆತ ಎಂಬ ಮೂಲ ಕಲ್ಪನೆ ಸರಿಯೆಂದು ಸ್ಥಿರಪಟ್ಟಿತು. ಕೊಲ್ಯಾಜೆನನ್ನು ಹೋಲುವ ಪೆಪ್ಟೈಡಿನ ಹರಳಿನ ರಚನೆ 1994ರಲ್ಲಿ ಪ್ರಕಟವಾದಾಗ, ನೇರ ಹೈಡ್ರೋಜನ್ ಬಂಧ ಒಂದೇ ಎಂಬ ವಿಷಯದಲ್ಲಿ ರಿಚ್ ಮತ್ತು ಕ್ರಿಕ್ ಅವರ ಮಾತು ನಿಂತಿತು. ಆದರೆ ನೀರಿನ ಅಣುಗಳು ನಡುವೆ ನಿಂತು ಎಳೆಗಳನ್ನು ಬೆಸೆದಿರುವುದೂ ಅದರಲ್ಲಿ ಕಂಡುಬಂದಿತು. ನೀರಿನ ಮೂಲಕ ಇಂತಹ ಬಂಧವಿರಬಹುದೆಂದು ರಾಮಚಂದ್ರನ್ ಮತ್ತು ಆರ್. ಚಂದ್ರಶೇಖರನ್ 1968ರಲ್ಲಿಯೇ ಬರೆದಿದ್ದರು. ವಿವಾದದಲ್ಲಿ ಎರಡೂ ಕಡೆಗೆ ಒಂದಿಷ್ಟು ಸತ್ಯವಿತ್ತು. ವಿವಾದದಿಂದ ಹುಟ್ಟಿದ ನಕ್ಷೆ ಮಾತ್ರ ಎಲ್ಲರ ಸ್ವತ್ತಾಯಿತು.

ಮರಳಿ ಬೆಂಗಳೂರಿಗೆ

ಮದ್ರಾಸಿನ ಆ ವಿಭಾಗ 1960ರ ದಶಕದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ ಉನ್ನತ ಅಧ್ಯಯನ ಕೇಂದ್ರವಾಗಿ ಮನ್ನಣೆ ಪಡೆದಿತ್ತು. ವಿದೇಶಗಳ ವಿಜ್ಞಾನಿಗಳು ಗಿಂಡಿಗೆ ಬಂದುಹೋಗುತ್ತಿದ್ದರು. ಎರಡೂವರೆ ದಶಕಕ್ಕೂ ಹೆಚ್ಚು ಕಾಲ ವಿಶ್ವವಿದ್ಯಾಲಯದ ಚುಕ್ಕಾಣಿ ಹಿಡಿದಿದ್ದ ಮುದಲಿಯಾರ್ 1969ರಲ್ಲಿ ನಿವೃತ್ತರಾದರು. ಮರುವರ್ಷ ರಾಮಚಂದ್ರನ್ ಮದ್ರಾಸು ಬಿಟ್ಟರು.

ಈ ನಡುವೆ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಅವರು ಅರೆಕಾಲಿಕ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ 1971ರಲ್ಲಿ ಪ್ರಕಟಿಸಿದ ಒಂದು ಲೇಖನ ಪ್ರೋಟೀನಿಗಿಂತ ಆಸ್ಪತ್ರೆಗೆ ಹತ್ತಿರವಾದುದು. ಹಲವು ಕೋನಗಳಿಂದ ತೆಗೆದ ಕ್ಷ-ಕಿರಣ ಚಿತ್ರಗಳನ್ನು ಸೇರಿಸಿ ವಸ್ತುವಿನ ಒಳಗಿನ ಪೂರ್ಣ ಚಿತ್ರ ಪಡೆಯುವ ಲೆಕ್ಕವನ್ನು ಅವರು ಸುಲಭಗೊಳಿಸಿದರು. ಸಿ.ಟಿ. ಸ್ಕ್ಯಾನ್ ಯಂತ್ರಗಳಲ್ಲಿ ಈ ಬಗೆಯ ಲೆಕ್ಕ ಬಹುಕಾಲ ಮುಖ್ಯ ಆಧಾರವಾಗಿತ್ತು. ಸಿ.ಟಿ. ಸ್ಕ್ಯಾನಿನ ಶೋಧಕ್ಕೆ 1979ರಲ್ಲಿ ನೊಬೆಲ್ ಪ್ರಶಸ್ತಿ ಸಂದದ್ದು ಅಲನ್ ಕಾರ್ಮ್ಯಾಕ್ ಮತ್ತು ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರಿಗೆ.

ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಸತೀಶ್ ಧವನ್ ಅವರ ಆಹ್ವಾನದ ಮೇರೆಗೆ ರಾಮಚಂದ್ರನ್ ಮತ್ತೆ ಬೆಂಗಳೂರಿಗೆ ಬಂದು 1971ರಲ್ಲಿ ಅಣು ಜೀವಭೌತಶಾಸ್ತ್ರ ವಿಭಾಗವನ್ನು ಆರಂಭಿಸಿದರು. ಶಶಿಶೇಖರನ್, ರಾಮಕೃಷ್ಣನ್ ಅವರೂ ಬಂದರು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಡ್ಜ್‌ಕಿನ್ ಅವರ ತಂಡದಲ್ಲಿ ಇನ್ಸುಲಿನ್ ರಚನೆಯ ಮೇಲೆ ಕೆಲಸ ಮಾಡಿ ಮರಳಿದ್ದ ಎಂ. ವಿಜಯನ್ ಸೇರಿಕೊಂಡರು. ಮದ್ರಾಸಿನಲ್ಲಿ ಅವರ ಮೊದಲ ಸಂಗಾತಿಯಾಗಿದ್ದ ಕರ್ತಾ ಅಷ್ಟರಲ್ಲಿ ಅಮೆರಿಕದಲ್ಲಿ ನೆಲೆಸಿ, 1967ರಲ್ಲಿ ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನಿನ ರಚನೆ ಬಿಡಿಸಿದ ತಂಡದಲ್ಲಿ ಒಬ್ಬರಾಗಿದ್ದರು.

ಶೇಂಗಾ ಕಾಳಿನ ಪ್ರೋಟೀನ್

ಬೆಂಗಳೂರಿನಲ್ಲಿ ಜನರಿದ್ದರು, ವಿಚಾರಗಳಿದ್ದವು. ಇಡೀ ಪ್ರೋಟೀನಿನ ರಚನೆ ಬಿಡಿಸಲು ಬೇಕಾದ ಸಲಕರಣೆ ಇರಲಿಲ್ಲ. ಕೊಲ್ಯಾಜೆನಿನಂತಹ ಎಳೆಯ ಕಥೆ ಬೇರೆ. ಸಾವಿರಾರು ಪರಮಾಣುಗಳ ಉಂಡೆಯಂತಿರುವ ಪ್ರೋಟೀನಿನಿಂದ ಮೊದಲು ಹರಳು ಬೆಳೆಸಬೇಕು, ಬಲವಾದ ಕ್ಷ-ಕಿರಣ ಮೂಲ ಬೇಕು, ಹತ್ತಾರು ಸಾವಿರ ಚುಕ್ಕೆಗಳನ್ನು ಅಳೆಯುವ ಯಂತ್ರ ಬೇಕು, ದೊಡ್ಡ ಕಂಪ್ಯೂಟರ್ ಬೇಕು. ವಿಜಯನ್ ಮತ್ತವರ ಶಿಷ್ಯರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಚಿಕ್ಕ ಅಣುಗಳ ಹರಳುಗಳ ಮೇಲೆ ಕೆಲಸ ಮಾಡುತ್ತ ಕಾದರು. 1980ರ ದಶಕದಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವು ದೊರೆತ ಮೇಲೆ ಸೌಲಭ್ಯ ಬೆಳೆಯಿತು. ಮುಂದೆ ಅದು ದೇಶದ ಬೇರೆ ಸಂಸ್ಥೆಗಳ ಸಂಶೋಧಕರಿಗೂ ಒದಗುವ ರಾಷ್ಟ್ರೀಯ ಸೌಲಭ್ಯವಾಯಿತು.

ಆ ತಂಡ ಆರಿಸಿಕೊಂಡ ಪ್ರೋಟೀನ್ ನಮ್ಮ ಜನರಿಗೆ ಅಪರಿಚಿತವಾದುದಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ, ಗೊರೇಬಾಳದಂತಹ ಊರುಗಳ ಮನೆಗಳಲ್ಲಿ, ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ ಸಾಮಾನ್ಯ. ಅದೇ ಶೇಂಗಾ ಕಾಳಿನಲ್ಲಿ ಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಜೀವಕೋಶಗಳ ಹೊರಮೈಯಲ್ಲಿರುವ ಕೆಲವು ಸಕ್ಕರೆಗಳನ್ನು ಗುರುತಿಸಿ ಹಿಡಿಯುವುದು ಅದರ ಗುಣ. ಕೆಲವು ಬಗೆಯ ಕ್ಯಾನ್ಸರ್ ಕೋಶಗಳ ಮೇಲಿನ ಸಕ್ಕರೆಯನ್ನೂ ಅದು ಗುರುತಿಸುವುದರಿಂದ ಸಂಶೋಧಕರಿಗೆ ಅದರ ಮೇಲೆ ಆಸಕ್ತಿ. ವಿಜಯನ್ ಅವರ ತಂಡ ಈ ಲೆಕ್ಟಿನ್‌ನ ರಚನೆಯನ್ನು 1994ರಲ್ಲಿ ಪ್ರಕಟಿಸಿತು. ಭಾರತದಲ್ಲಿಯೇ ಬಿಡಿಸಲಾದ ಪ್ರೋಟೀನ್ ರಚನೆಗಳಲ್ಲಿ ಅದು ಮೊದಲ ಸಾಲಿಗೆ ಸೇರುತ್ತದೆ. ಮರುವರ್ಷ ಅದೇ ವಿಭಾಗದ ಎಂ.ಆರ್.ಎನ್. ಮೂರ್ತಿ ಅವರ ತಂಡ ಚೊಗಚೆ ಮರಕ್ಕೆ ತಗಲುವ ವೈರಸ್ ಒಂದರ ರಚನೆಯನ್ನು ಹೊರತಂದಿತು. ಈ ಎಲ್ಲ ರಚನೆಗಳನ್ನೂ ಕೊನೆಗೆ ಒರೆಗೆ ಹಚ್ಚುವುದು 1963ರ ಅದೇ ನಕ್ಷೆ. ವಿಜಯನ್ 2022ರಲ್ಲಿ ನಿಧನರಾದರು.

ಕೊನೆಯ ವರ್ಷಗಳು

ರಾಮಚಂದ್ರನ್ ಅವರಿಗೆ 1961ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂದಿತ್ತು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಆಡಳಿತದ ಹೊಣೆ ಬಿಟ್ಟ ಮೇಲೆ ಅವರು ವಿಜ್ಞಾನ ಸಂಸ್ಥೆಯಲ್ಲಿಯೇ ತರ್ಕದ ಗಣಿತದ ಕಡೆ ತಿರುಗಿದರು. ಹೌದು, ಅಲ್ಲ ಎಂಬ ಎರಡೇ ಉತ್ತರಗಳಿಗೆ ಸೀಮಿತವಾಗದ ಜೈನರ ಸ್ಯಾದ್ವಾದದ ವಿಚಾರಕ್ಕೂ ಆಧುನಿಕ ಗಣಿತಕ್ಕೂ ಸಂಬಂಧ ಕಲ್ಪಿಸಲು ಯತ್ನಿಸಿದರು. ಪ್ರೋಟೀನ್ ಸಂಶೋಧಕರಲ್ಲಿ ಅನೇಕರಿಗೆ ಅವರ ಈ ಮುಖದ ಪರಿಚಯವಿಲ್ಲ.

ಮುಪ್ಪು ಸುಲಭವಾಗಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಅವರನ್ನು ಬಾಧಿಸಿತು. ಐದು ದಶಕಕ್ಕೂ ಹೆಚ್ಚು ಕಾಲ ಜೊತೆಗಿದ್ದ ಪತ್ನಿ ರಾಜಲಕ್ಷ್ಮಿ 1998ರಲ್ಲಿ ತೀರಿಕೊಂಡರು. ಸ್ಫಟಿಕ ವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟ 1999ರಲ್ಲಿ ತನ್ನ ಎವಾಲ್ಡ್ ಪ್ರಶಸ್ತಿಯನ್ನು ಅವರಿಗೆ ನೀಡಿ ಗೌರವಿಸಿತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ನೊಬೆಲ್ ಪ್ರಶಸ್ತಿಗೆ ಅರ್ಹರಾಗಿದ್ದರೆಂದು ಬಹಳ ಮಂದಿ ಭಾವಿಸಿದ್ದ ಈ ವಿಜ್ಞಾನಿಗೆ ಅದು ಸಿಗಲಿಲ್ಲ.

ಯಂತ್ರ ಹಳತಾಗುತ್ತದೆ, ಗೋಲು ಉಳಿಯುತ್ತದೆ

ಪ್ರೋಟೀನ್ ರಚನೆಗಳನ್ನು ಸಂಗ್ರಹಿಸುವ ಜಾಗತಿಕ ದತ್ತಾಂಶ ಕೋಶ ಆರಂಭವಾದದ್ದೂ ರಾಮಚಂದ್ರನ್ ಬೆಂಗಳೂರಿಗೆ ಮರಳಿದ 1971ರಲ್ಲಿಯೇ. ಆಗ ಅದರಲ್ಲಿದ್ದದ್ದು ಏಳು ರಚನೆಗಳು. ಈಗ ಆ ಸಂಖ್ಯೆ ಎರಡು ಲಕ್ಷವನ್ನು ದಾಟಿದೆ. ಅಲ್ಲಿಗೆ ಹೊಸ ಪ್ರೋಟೀನ್ ರಚನೆಯೊಂದನ್ನು ಸೇರಿಸುವಾಗ, ಅದರ ಎಷ್ಟು ಕೀಲುಗಳು ರಾಮಚಂದ್ರನ್ ನಕ್ಷೆಯ ಸಮ್ಮತ ಪ್ರದೇಶದಲ್ಲಿವೆ, ಎಷ್ಟು ಹೊರಗೆ ಬಿದ್ದಿವೆ ಎಂಬ ಲೆಕ್ಕ ಪರಿಶೀಲನಾ ವರದಿಯಲ್ಲಿ ಬರುತ್ತದೆ. ಹೊರಗೆ ಬಿದ್ದವು ಹೆಚ್ಚಿದ್ದರೆ ಸಂಶೋಧಕ ತನ್ನ ಕೆಲಸವನ್ನು ಮತ್ತೆ ನೋಡಬೇಕಾಗುತ್ತದೆ.

2020ರ ಬಳಿಕ ಕೃತಕ ಬುದ್ಧಿಮತ್ತೆಯೇ ಪ್ರೋಟೀನಿನ ರಚನೆಯನ್ನು ಊಹಿಸುವ ಕಾಲ ಬಂದಿದೆ. ಆಲ್ಫಾಫೋಲ್ಡ್ ತಂತ್ರಾಂಶವನ್ನು ರೂಪಿಸಿದ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್, ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಕಂಪ್ಯೂಟರ್ ಊಹಿಸಿದ ರಚನೆಯನ್ನೂ ಪರೀಕ್ಷಿಸುವಾಗ ತಜ್ಞರು ಅದೇ ಚೌಕದ ಮೊರೆ ಹೋಗುತ್ತಾರೆ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗಾಲಯಗಳ ಮಾತು ಬಂದಾಗಲೆಲ್ಲ ಕೇಳಿಬರುವುದು ಉಪಕರಣಗಳ ಕೊರತೆಯ ದೂರು. ಅದು ಸುಳ್ಳಲ್ಲ. ಶೇಂಗಾದ ಪ್ರೋಟೀನಿಗಾಗಿ ಬೆಂಗಳೂರಿನ ತಂಡ ಕಾದ ವರ್ಷಗಳೇ ಅದಕ್ಕೆ ಸಾಕ್ಷಿ. ಯಂತ್ರ ಬೇಕಾದ ಕಡೆ ಯಂತ್ರವೇ ಬೇಕು, ಅದಕ್ಕೆ ಹಣ ಒದಗಿಸುವುದು ಸರ್ಕಾರದ ಹೊಣೆ. ಆದರೆ ಗಿಂಡಿಯ ಕಥೆ ಇನ್ನೊಂದನ್ನೂ ಹೇಳುತ್ತದೆ. ಮಿತವಾದ ಸಲಕರಣೆ, ನೆರೆಯ ಸಂಸ್ಥೆಯಿಂದ ತಂದ ಮಾದರಿ, ಇತರರು ಪ್ರಕಟಿಸಿದ ಮಾಹಿತಿ, ಲೆಕ್ಕಕ್ಕೆ ಬೇಸರಪಡದ ಇಬ್ಬರು ಸಹೋದ್ಯೋಗಿಗಳು, ಟೀಕೆಯನ್ನು ಅವಮಾನವೆಂದು ಬಗೆಯದೆ ಪ್ರಶ್ನೆಯಾಗಿ ಸ್ವೀಕರಿಸಿದ ಒಬ್ಬ ಮುಖ್ಯಸ್ಥ ಇಷ್ಟರಿಂದಲೇ ಜಗತ್ತಿಗೆ ಬೇಕಾದ ಅಳತೆಗೋಲು ಸಿದ್ಧವಾಯಿತು. ಅಂದು ಆ ಪ್ರಯೋಗಾಲಯದಲ್ಲಿದ್ದ ಯಂತ್ರಗಳ ಕಾಲ ಮುಗಿದು ದಶಕಗಳೇ ಕಳೆದಿವೆ. ಐದು ಪುಟಗಳ ಆ ಲೇಖನದ ನಕ್ಷೆ ಮಾತ್ರ ಇಂದಿಗೂ ದಿನನಿತ್ಯದ ಕೆಲಸದಲ್ಲಿದೆ.